ಒಂಬತ್ತು ಸಾವಿರ ಅಡಿ: ಗ್ರೆನೇಡಾ ಮತ್ತು ಸೇಂಟ್ ವಿನ್ಸೆಂಟ್‌ನ ವಿಮಾನ ನಿಲ್ದಾಣ ಯೋಜನೆಗಳ ಚರಿತ್ರೆ

ಪೂರ್ವ ಕೆರಿಬಿಯನ್‌ನ ನೆರೆಯ ದ್ವೀಪಗಳಾದ ಗ್ರೆನೇಡಾ ಮತ್ತು ಸೇಂಟ್ ವಿನ್ಸೆಂಟ್ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಒಂದೇ. ಎರಡೂ ಜ್ವಾಲಾಮುಖಿಯಿಂದ ಹುಟ್ಟಿದ ಗುಡ್ಡಗಾಡು, ಎರಡರ ಜನಸಂಖ್ಯೆಯೂ ಒಂದು ಲಕ್ಷದ ಆಸುಪಾಸು. ಗ್ರೆನೇಡಾ 1984ರಲ್ಲಿ, ಸೇಂಟ್ ವಿನ್ಸೆಂಟ್ 2017ರಲ್ಲಿ ತಂತಮ್ಮ ಹಳೆಯ ವಿಮಾನ ನಿಲ್ದಾಣವನ್ನು ಬಿಟ್ಟು ಹೊಸದಕ್ಕೆ ಹೋದವು. ಎರಡೂ ಹೊಸ ರನ್‌ವೇಗಳ ಉದ್ದ 2,743 ಮೀಟರ್, ಅಂದರೆ ಸರಿಯಾಗಿ 9,000 ಅಡಿ. ಸಮತಟ್ಟಾದ ನೆಲವೇ ಅಪರೂಪವಾದ ಕಡೆ ಇಷ್ಟು ಉದ್ದದ ರನ್‌ವೇ ಬೇಕೆಂದು ನಿರ್ಧರಿಸಿದವರು ಯಾರು, ಯಾವ ಲೆಕ್ಕದ ಮೇಲೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದು ಎಂಜಿನಿಯರರ ಲೆಕ್ಕವಷ್ಟೇ ಆಗಿರಲಿಲ್ಲ. ನಡುವೆ ವಿಮಾನ ಬದಲಿಸದೆ ಯಾವ ಊರನ್ನು ತಲುಪಬೇಕು ಎಂಬ ರಾಜಕೀಯ ತೀರ್ಮಾನವೇ ಮೊದಲು ಆಯಿತು, ಅಡಿಗಳ ಲೆಕ್ಕ ಅದರ ಹಿಂದೆ ಬಂತು ಎಂಬುದು ನನ್ನ ವಾದ.

ಇಂಥ ಯೋಜನೆಗಳಿಗೆ ಸಾಲ ಕೊಡುವ ಸಂಸ್ಥೆಗಳು ಮೊದಲು ಕೇಳುವುದು ಈಗ ಎಷ್ಟು ಪ್ರಯಾಣಿಕರಿದ್ದಾರೆ, ಮುಂದೆ ಎಷ್ಟಾಗಬಹುದು ಎಂದು. ಚಿಕ್ಕ ದ್ವೀಪದಲ್ಲಿ ಈ ಪ್ರಶ್ನೆ ಬೀಜ-ವೃಕ್ಷ ನ್ಯಾಯಕ್ಕೆ ಬಂದು ನಿಲ್ಲುತ್ತದೆ. ರನ್‌ವೇ ಗಿಡ್ಡವಾದ್ದರಿಂದ ದೊಡ್ಡ ವಿಮಾನ ಬರುವುದಿಲ್ಲ, ವಿಮಾನ ಬರದಿದ್ದರೆ ಹೋಟೆಲು ಕಟ್ಟುವವರಿಲ್ಲ, ಹೋಟೆಲಿಲ್ಲದ ಊರಿಗೆ ಪ್ರಯಾಣಿಕರೂ ಕಡಿಮೆ. ಆ ಕಡಿಮೆ ಅಂಕಿಯನ್ನು ಮುಂದಿಟ್ಟರೆ ಯಾವ ವರದಿಯೂ ಉದ್ದದ ರನ್‌ವೇಯನ್ನು ಸಮರ್ಥಿಸುವುದಿಲ್ಲ.

ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ದ್ವೀಪಗಳೂ ಇವೆ. ಹದಿಮೂರು ಚದರ ಕಿಲೋಮೀಟರಿನ ಸಾಬಾದಲ್ಲಿ ಫ್ಲ್ಯಾಟ್ ಪಾಯಿಂಟ್ ಎಂಬ ಒಂದೇ ಒಂದು ಮಟ್ಟಸ ಜಾಗವಿತ್ತು. ದ್ವೀಪದ ಜನ ಅಲ್ಲಿನ ಕಲ್ಲುಗಳನ್ನು ಕೈಯಲ್ಲೇ ಆಯ್ದು ತೆಗೆದರು. 1959ರಲ್ಲಿ ಸೇಂಟ್ ಬಾರ್ಟ್ಸ್‌ನ ಪೈಲಟ್ ರೆಮಿ ದ ಹೈನೆನ್ ಅಲ್ಲಿ ವಿಮಾನ ಇಳಿಸಿ ತೋರಿಸಿದರು. 1963ರಲ್ಲಿ ತೆರೆದ ಸುಮಾರು 400 ಮೀಟರಿನ ರನ್‌ವೇ ಇಂದಿಗೂ ಅಷ್ಟೇ ಇದೆ, ಅದರ ಎರಡೂ ತುದಿಗಳು ಕಡಲಿಗೇ ಮುಗಿಯುತ್ತವೆ. ಮಾಂಟ್ಸೆರಾಟ್‌ನ ಕಥೆ ಬೇರೆ. ಅದರ ಬ್ರ್ಯಾಂಬಲ್ ವಿಮಾನ ನಿಲ್ದಾಣ 1997ರಲ್ಲಿ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿಗೆ ಆಹುತಿಯಾಯಿತು. 2005ರಲ್ಲಿ ಉತ್ತರದ ಜೆರಾಲ್ಡ್ಸ್‌ನಲ್ಲಿ ಕಟ್ಟಿದ ಬದಲಿ ರನ್‌ವೇ ಹತ್ತಿಪ್ಪತ್ತು ಜನರ ವಿಮಾನಗಳಿಗಷ್ಟೇ ಸಾಲುತ್ತದೆ. ಈ ಎರಡೂ ದ್ವೀಪಗಳು ಸ್ವತಂತ್ರ ರಾಷ್ಟ್ರಗಳಲ್ಲ, ಒಂದು ನೆದರ್ಲೆಂಡ್ಸ್‌ಗೆ ಸೇರಿದ್ದು, ಇನ್ನೊಂದು ಬ್ರಿಟನ್ನಿಗೆ. ಗ್ರೆನೇಡಾ, ಸೇಂಟ್ ವಿನ್ಸೆಂಟ್‌ಗಳು ಸ್ವತಂತ್ರವಾಗಿದ್ದವು, ಹಾಗಾಗಿ ಹಣಕ್ಕಾಗಿ ಯಾರ ಬಾಗಿಲನ್ನಾದರೂ ತಟ್ಟಬಹುದಿತ್ತು.

ಗ್ರೆನೇಡಾದ ಹಳೆಯ ನಿಲ್ದಾಣ ಪರ್ಲ್ಸ್ 1943ರದು, ಇರುವುದು ಈಶಾನ್ಯ ಕರಾವಳಿಯಲ್ಲಿ. ರನ್‌ವೇ ಸುಮಾರು 5,000 ಅಡಿ. ಒಂದು ಬದಿಗೆ ಬೆಟ್ಟ, ಇನ್ನೊಂದಕ್ಕೆ ಕಡಲು, ರಾತ್ರಿ ಇಳಿಯಲು ದೀಪಗಳಿರಲಿಲ್ಲ. ರಾಜಧಾನಿ ಸೇಂಟ್ ಜಾರ್ಜಸ್ ಆಗಲಿ, ಪ್ರವಾಸಿಗರು ಬಯಸುವ ಗ್ರ್ಯಾಂಡ್ ಆನ್ಸ್ ಕಡಲತೀರವಾಗಲಿ ಇರುವುದು ನೈಋತ್ಯದಲ್ಲಿ. ಲಂಡನ್ನಿನಿಂದ ಹೊರಟವರು ಬಾರ್ಬಡೋಸಿನಲ್ಲೋ ಟ್ರಿನಿಡಾಡಿನಲ್ಲೋ ಇಳಿದು, ಹೊತ್ತು ಮೀರಿದರೆ ಅಲ್ಲೇ ರಾತ್ರಿ ಕಳೆದು, ಮರುದಿನ ಚಿಕ್ಕ ವಿಮಾನದಲ್ಲಿ ಪರ್ಲ್ಸ್‌ಗೆ ಬಂದು, ಆಮೇಲೆ ಗ್ರ್ಯಾಂಡ್ ಎಟಾಂಗ್ ಬೆಟ್ಟದ ತಿರುವು ರಸ್ತೆಯಲ್ಲಿ ದ್ವೀಪವನ್ನೇ ದಾಟಬೇಕಿತ್ತು. ಇದಕ್ಕೆ ಪರಿಹಾರವೆಂದರೆ ನೈಋತ್ಯ ತುದಿಯ ಪಾಯಿಂಟ್ ಸಲೀನ್ಸ್ ಎಂಬುದು 1950ರ ದಶಕದಿಂದಲೇ, ಬ್ರಿಟಿಷ್ ಆಳ್ವಿಕೆಯ ಕಾಲದಿಂದಲೇ, ಚರ್ಚೆಯಲ್ಲಿತ್ತು. ಯೋಜನೆ ಕಮ್ಯುನಿಸ್ಟರ ತಲೆಯಲ್ಲಿ ಹುಟ್ಟಿದ್ದಲ್ಲ ಎಂಬ ಈ ಸರಳ ಸಂಗತಿ 1983ರ ಗದ್ದಲದಲ್ಲಿ ಮುಚ್ಚಿಹೋಯಿತು.

1979ರ ಮಾರ್ಚ್ 13ರಂದು ಎರಿಕ್ ಗೇರಿ ಸರ್ಕಾರವನ್ನು ಉರುಳಿಸಿ ಅಧಿಕಾರಕ್ಕೆ ಬಂದ ಮಾರಿಸ್ ಬಿಷಪ್, ಅದೇ ವರ್ಷ ಈ ಹಳೆಯ ಕಡತವನ್ನು ಕೈಗೆತ್ತಿಕೊಂಡರು. ಕ್ಯೂಬಾ ಯಂತ್ರಗಳನ್ನೂ ನೂರಾರು ಕೆಲಸಗಾರರನ್ನೂ ಕಳಿಸಿತು. ಲಿಬಿಯಾ, ಸಿರಿಯಾ, ಅಲ್ಜೀರಿಯಾ, ವೆನೆಜುವೆಲಾಗಳಿಂದಲೂ ನೆರವು ಬಂತು. ಯುರೋಪಿಯನ್ ಸಮುದಾಯ ಹಣ ಕೊಡದಂತೆ ವಾಷಿಂಗ್ಟನ್ ಒತ್ತಡ ಹಾಕಿತು. ಹಣ ಸಾಲದಾದಾಗ ದ್ವೀಪದ ಜನರಿಗೇ ವಿಮಾನ ನಿಲ್ದಾಣದ ಬಾಂಡುಗಳನ್ನು ಮಾರಲಾಯಿತು. ಇಷ್ಟನ್ನು ನೋಡಿದರೆ ಇದು ಒಂದೇ ಬಣದ ಕಾಮಗಾರಿ ಎನಿಸಬಹುದು. ಗುತ್ತಿಗೆಗಳ ಪಟ್ಟಿ ಬೇರೆಯದನ್ನೇ ಹೇಳುತ್ತದೆ. ಹಾರ್ಡಿ ಬೇ ಎಂಬ ಕೊಲ್ಲಿಯನ್ನು ತುಂಬಿ ರನ್‌ವೇಗೆ ನೆಲ ಮಾಡಿದ್ದು ಫ್ಲಾರಿಡಾದ ಲೇನ್ ಡ್ರೆಜಿಂಗ್ ಕಂಪನಿ. ಸಂಪರ್ಕ ಮತ್ತು ಸಂಚಾರ ನಿಯಂತ್ರಣದ ಉಪಕರಣಗಳ ಹೊಣೆ ಬ್ರಿಟನ್ನಿನ ಪ್ಲೆಸಿ ಕಂಪನಿಯದು, ಅದಕ್ಕೆ ಖಾತರಿ ನಿಂತದ್ದು ಥ್ಯಾಚರ್ ಸರ್ಕಾರದ್ದೇ ರಫ್ತು ಸಾಲ ಇಲಾಖೆ.

1983ರ ಮಾರ್ಚ್ 23ರಂದು ರೊನಾಲ್ಡ್ ರೇಗನ್ ದೂರದರ್ಶನದಲ್ಲಿ ಮಾತನಾಡುತ್ತ, ಈ ರನ್‌ವೇಯ ವೈಮಾನಿಕ ಛಾಯಾಚಿತ್ರವನ್ನು ರಾಷ್ಟ್ರಕ್ಕೆ ತೋರಿಸಿದರು. ಅವರು ಹೇಳಿದ ಉದ್ದ 10,000 ಅಡಿ. ವಾಯುಪಡೆಯೇ ಇಲ್ಲದ ದೇಶಕ್ಕೆ ಇದೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ ಅದೇ ಅಳತೆಗೋಲು ಹಿಡಿದರೆ ಕೆರಿಬಿಯನ್‌ನಲ್ಲಿ ಅಷ್ಟೇ ಅಥವಾ ಅದಕ್ಕೂ ಉದ್ದದ ರನ್‌ವೇ ಇದ್ದ ಬಾರ್ಬಡೋಸ್, ಆಂಟಿಗ್ವಾ, ಸೇಂಟ್ ಲೂಸಿಯಾಗಳನ್ನೂ ಅನುಮಾನಿಸಬೇಕಿತ್ತು. ಅಟ್ಲಾಂಟಿಕ್ ದಾಟುವಷ್ಟು ಇಂಧನ ತುಂಬಿಕೊಂಡ ದೊಡ್ಡ ಜೆಟ್ ವಿಮಾನ, ಗಾಳಿ ತೆಳುವಾಗುವ ಉಷ್ಣವಲಯದ ಬಿಸಿಯಲ್ಲಿ, ನೆಲ ಬಿಟ್ಟೇಳಲು ಇಷ್ಟು ಉದ್ದ ಬೇಕೇ ಬೇಕು. ನೆಲದಡಿಯ ಇಂಧನ ತೊಟ್ಟಿ, ಬಾಂಬಿಗೆ ಜಗ್ಗದ ವಿಮಾನ ಕೊಠಡಿಗಳಂಥ ಸೇನಾ ಏರ್ಪಾಡುಗಳು ಇಲ್ಲಿಲ್ಲ ಎಂದು ಪ್ಲೆಸಿ ಕಂಪನಿಯೇ ಪಟ್ಟಿ ಮಾಡಿ ಹೇಳಿತು. ಅಲ್ಲಿನ ವೈದ್ಯಕೀಯ ಕಾಲೇಜಿನ ಟ್ರೂ ಬ್ಲೂ ಕ್ಯಾಂಪಸ್ ಇದ್ದದ್ದೂ ರನ್‌ವೇಯ ಪಕ್ಕದಲ್ಲೇ. ಅಮೆರಿಕದ ವಿದ್ಯಾರ್ಥಿಗಳು ಈ 'ರಹಸ್ಯ' ನೆಲೆಯನ್ನು ದಿನವೂ ನೋಡುತ್ತಿದ್ದರು. ಆದರೂ ಇನ್ನೊಂದು ಮಾತು ಹೇಳಬೇಕು. ನಾಗರಿಕ ರನ್‌ವೇ ಬೇಕಾದಾಗ ಸೇನೆಗೂ ಒದಗುತ್ತದೆ, ಕ್ಯೂಬಾಕ್ಕೆ ಅದು ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ.

ಅದಕ್ಕೆ ನಿದರ್ಶನ ಒದಗಿಸಿದ್ದು ಮಾತ್ರ ಅಮೆರಿಕ. ಪಕ್ಷದ ಒಳಜಗಳದಲ್ಲಿ ಅಕ್ಟೋಬರ್ 19ರಂದು ಬಿಷಪ್ ಕೊಲೆಯಾದರು. ಅಕ್ಟೋಬರ್ 25ರ ಮುಂಜಾನೆ ಅಮೆರಿಕದ ರೇಂಜರ್ ಪಡೆ ಪ್ಯಾರಾಚೂಟಿನಲ್ಲಿ ಪಾಯಿಂಟ್ ಸಲೀನ್ಸ್ ಮೇಲೆಯೇ ಇಳಿಯಿತು. ಕಾಮಗಾರಿಯ ವಾಹನಗಳನ್ನು ಅಡ್ಡ ನಿಲ್ಲಿಸಿ ರನ್‌ವೇಯನ್ನು ಮುಚ್ಚಲಾಗಿತ್ತು. ಕೀಲಿಯಿಲ್ಲದ ಬುಲ್‌ಡೋಜರುಗಳ ತಂತಿ ಜೋಡಿಸಿ ಚಾಲೂ ಮಾಡಿ ಸೈನಿಕರು ದಾರಿ ಬಿಡಿಸಿಕೊಂಡರು. ಕ್ಯೂಬಾದ ಯಂತ್ರಗಳಿಗೆ ಅಲ್ಲಿ ಅದೇ ಕೊನೆಯ ಕೆಲಸಗಳಲ್ಲೊಂದು. ಆಮೇಲೆ ನಡೆದದ್ದೇ ನನ್ನ ವಾದಕ್ಕೆ ಗಟ್ಟಿ ಸಾಕ್ಷ್ಯ: ಬೆದರಿಕೆ ಎನಿಸಿದ್ದ ರನ್‌ವೇಯನ್ನು ಅಮೆರಿಕ ಗಿಡ್ಡಗೊಳಿಸಲಿಲ್ಲ, ನಿಲ್ಲಿಸಲೂ ಇಲ್ಲ. ಸುಮಾರು 1.9 ಕೋಟಿ ಡಾಲರ್ ಕೊಟ್ಟು ಮುಗಿಸಿತು. 1984ರ ಅಕ್ಟೋಬರಿನಲ್ಲಿ ಅದು ತೆರೆಯಿತು. ಪರ್ಲ್ಸ್‌ನಲ್ಲಿ ಕ್ಯೂಬಾ ಮತ್ತು ಸೋವಿಯತ್ ಒಕ್ಕೂಟಗಳ ಎರಡು ಆಂಟೊನೊವ್ ವಿಮಾನಗಳು ತುಕ್ಕು ಹಿಡಿಯುತ್ತ ಉಳಿದವು.

2009ರ ಮೇ 29ರಂದು ಪಾಯಿಂಟ್ ಸಲೀನ್ಸ್‌ಗೆ ಮಾರಿಸ್ ಬಿಷಪ್ ಹೆಸರಿಟ್ಟ ಸಮಾರಂಭದಲ್ಲಿ ಮಾತನಾಡಿದವರಲ್ಲಿ ಸೇಂಟ್ ವಿನ್ಸೆಂಟ್‌ನ ಪ್ರಧಾನಿ ರಾಲ್ಫ್ ಗೊನ್ಸಾಲ್ವೆಸ್ ಒಬ್ಬರು. ಅಷ್ಟರಲ್ಲಿ ಅವರ ದ್ವೀಪದ ಆರ್ಗೈಲ್‌ನಲ್ಲಿ ಗುಡ್ಡ ಕಡಿಯುವ ಕೆಲಸ ನಡೆದಿತ್ತು. ಕ್ರಿಕೆಟ್ ನೋಡುವ ಕನ್ನಡಿಗರಿಗೆ ಆರ್ನೋಸ್ ವೇಲ್ ಎಂಬ ಮೈದಾನ ಪರಿಚಿತವಿರಬಹುದು. ಅದರ ಪಕ್ಕದಲ್ಲೇ ಇದ್ದದ್ದು ಹಳೆಯ ಇ. ಟಿ. ಜೋಶುವಾ ವಿಮಾನ ನಿಲ್ದಾಣ, ರನ್‌ವೇ ಸುಮಾರು 1,400 ಮೀಟರ್. ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಅದನ್ನು ಎಳೆಯಲು ಜಾಗವೇ ಇರಲಿಲ್ಲ. ಗೊನ್ಸಾಲ್ವೆಸ್ 2005ರಲ್ಲಿ ಹೊಸ ಯೋಜನೆ ಘೋಷಿಸಿದರು, ಕೆಲಸ 2008ರಲ್ಲಿ ಶುರುವಾಯಿತು. ಕ್ಯೂಬಾ ಮತ್ತು ವೆನೆಜುವೆಲಾದ ಕೆಲಸಗಾರರ ತಂಡಕ್ಕೆ ಚಟೋಯೆ-ಚೆ ಎಂದು ಹೆಸರು. ಒಬ್ಬ, ಬ್ರಿಟಿಷರ ವಿರುದ್ಧ ಹೋರಾಡಿ 1795ರಲ್ಲಿ ಮಡಿದ ಗರಿಫುನಾ ನಾಯಕ, ಇನ್ನೊಬ್ಬ ಗೆವಾರಾ. ವಿಚಿತ್ರವೆಂದರೆ, ಬೀಜಿಂಗನ್ನು ಮಾನ್ಯ ಮಾಡಿದ ಕ್ಯೂಬಾ, ವೆನೆಜುವೆಲಾಗಳ ಜೊತೆಗೆ ತೈವಾನ್ ಕೂಡ ಇದೇ ಯೋಜನೆಗೆ ಹಣ ಕೊಟ್ಟಿತು. ಶೀತಲ ಸಮರದಲ್ಲಿ ಗ್ರೆನೇಡಾಕ್ಕೆ ಸಿಗದ ಸಲುಗೆ ಇದು.

ಆರ್ಗೈಲ್ ಖಾಲಿ ನೆಲವೇನಲ್ಲ. ಅಲ್ಲಿ ಮನೆಮಠಗಳಿದ್ದವು, ಪರಿಹಾರದ ಮಾತುಕತೆ ವರ್ಷಗಟ್ಟಲೆ ನಡೆಯಿತು. ಯಂಬೂ ನದಿಯ ಕಣಿವೆ ತುಂಬಬೇಕಿತ್ತು. ಕಾಮಗಾರಿಯ ದೆಸೆಯಿಂದ 2009-10ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಕೊರಿನ್ ಹಾಫ್‌ಮನ್, ಮೆನೊ ಹೂಗ್ಲಂಡ್ ತಂಡ ನಡೆಸಿದ ಉತ್ಖನನದಲ್ಲಿ, ಯುರೋಪಿಯನ್ನರು ಬಂದ ಆರಂಭ ಕಾಲದ ಕಲಿನಾಗೊ ಹಳ್ಳಿಯೊಂದರ ಕಂಬದ ಗುಂಡಿಗಳು ಸಾಲಾಗಿ ತೆರೆದುಕೊಂಡವು: ದುಂಡನೆಯ ಮನೆಗಳು, ಅಂಡಾಕಾರದ ದೊಡ್ಡ ಮನೆ, ನಡುವೆ ಅಂಗಳ. ಅಲ್ಲಿ ಸಿಕ್ಕ ಕಾಯೊ ಶೈಲಿಯ ಮಡಕೆ ಚೂರೊಂದರ ಅಂಚಿನಲ್ಲಿ ಯುರೋಪಿನ ಗಾಜಿನ ಮಣಿಗಳನ್ನು ಒತ್ತಿ ಕೂರಿಸಿತ್ತು. ಹಡಗಿನಲ್ಲಿ ಬಂದ ವಸ್ತುವನ್ನು ಆ ಕುಂಬಾರಿಕೆ ತನ್ನ ಪದ್ಧತಿಗೆ ಒಗ್ಗಿಸಿಕೊಂಡ ಬಗೆ ಅದು. ಬುಲ್‌ಡೋಜರ್ ಬರದಿದ್ದರೆ ಇದು ಇಷ್ಟು ಬೇಗ ಹೊರಬರುತ್ತಿರಲಿಲ್ಲ ಎಂಬುದು ನಿಜ. ಅದನ್ನು ಯೋಜನೆಯ ಲಾಭದ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ.

ಗಡುವುಗಳು ಒಂದೊಂದಾಗಿ ತಪ್ಪಿದವು. ಈಶಾನ್ಯ-ನೈಋತ್ಯ ದಿಕ್ಕಿನ ರನ್‌ವೇಗೆ ಪೂರ್ವದ ವಾಣಿಜ್ಯ ಮಾರುತ ಅಡ್ಡಗಾಳಿಯಾಗುತ್ತದೆ ಎಂಬ ಟೀಕೆ ಬಂತು, ಸಾಲದ ಟೀಕೆ ಅದಕ್ಕಿಂತ ಜೋರಾಗಿತ್ತು. 2017ರ ಫೆಬ್ರುವರಿ 14ರಂದು ತೆರೆದ ಮೇಲೂ ದೊಡ್ಡ ಕಂಪನಿಗಳು ಒಮ್ಮೆಲೇ ಬರಲಿಲ್ಲ. ಅದೇ ವರ್ಷದ ಕೊನೆಗೆ ಟೊರಾಂಟೊದಿಂದ ಏರ್ ಕೆನಡಾ, 2018ರ ಡಿಸೆಂಬರಿನಲ್ಲಿ ಮಯಾಮಿಯಿಂದ ಅಮೆರಿಕನ್ ಏರ್‌ಲೈನ್ಸ್, 2021ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ವರ್ಜಿನ್ ಅಟ್ಲಾಂಟಿಕ್ ಬಂದವು. ಈ ಮೂರೂ ಊರುಗಳಲ್ಲಿ ಕೆರಿಬಿಯನ್ ವಲಸಿಗರ ದೊಡ್ಡ ನೆಲೆಗಳಿವೆ. ಆದ್ದರಿಂದ ರನ್‌ವೇಯನ್ನು ಪ್ರವಾಸೋದ್ಯಮದ ಹೂಡಿಕೆ ಎಂದಷ್ಟೇ ಲೆಕ್ಕ ಹಾಕಿದ ವರದಿಗಳು ಅದರ ಅರ್ಧ ಗಿರಾಕಿಗಳನ್ನೇ ಬಿಟ್ಟಿದ್ದವು: ಹಬ್ಬಕ್ಕೆ, ಮದುವೆಗೆ, ಮಣ್ಣಿಗೆ ಊರಿಗೆ ಬರುವವರನ್ನು.

ಈಗ ಸರದಿ ಡೊಮಿನಿಕಾದ್ದು. ವೆಸ್ಲಿ ಎಂಬಲ್ಲಿ ನಡೆದಿರುವ ಹೊಸ ನಿಲ್ದಾಣದ ಕಾಮಗಾರಿಗೆ ಕ್ಯೂಬಾದ ಬ್ರಿಗೇಡ್ ಬಂದಿಲ್ಲ, ಬಾಂಡುಗಳ ಮಾರಾಟವೂ ಇಲ್ಲ. ಹೂಡಿಕೆಗೆ ಪ್ರತಿಯಾಗಿ ಹೊರಗಿನವರಿಗೆ ಪೌರತ್ವ ಕೊಡುವ ಯೋಜನೆಯ ಹಣ ಅದಕ್ಕೆ ಹರಿಯುತ್ತಿದೆ, ಆ ಹಣದ ಲೆಕ್ಕ ಸಾರ್ವಜನಿಕವಾಗಬೇಕೆಂದು ವಿರೋಧ ಪಕ್ಷ ಕೇಳುತ್ತಿದೆ. ಸಂಶೋಧಕನ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ಗ್ರೆನೇಡಾದ ಕ್ರಾಂತಿ ಸರ್ಕಾರದ ಕಾಗದಪತ್ರಗಳನ್ನು 1983ರಲ್ಲಿ ಅಮೆರಿಕದ ಸೇನೆ ವಶಪಡಿಸಿಕೊಂಡು ವಾಷಿಂಗ್ಟನ್‌ಗೆ ಸಾಗಿಸಿತು. ಹಾಗೆ ಹೋದದ್ದರಿಂದಲೇ ಪಾಲಿಟ್ ಬ್ಯೂರೋ ಸಭೆಗಳ ನಡಾವಳಿಯಿಂದ ಹಿಡಿದು ಒಪ್ಪಂದಗಳವರೆಗೆ ಅವುಗಳ ದೊಡ್ಡ ಭಾಗ ಇಂದು ಓದಲು ಸಿಗುತ್ತದೆ. ವೆಸ್ಲಿಯ ರನ್‌ವೇಗೆ ಹಣ ಒದಗಿಸಿದ ಪಾಸ್‌ಪೋರ್ಟುಗಳ ಕಡತಗಳು ಗೌಪ್ಯ ಅರ್ಜಿಗಳಾಗಿ, ಖಾಸಗಿ ಏಜೆಂಟರ ಕಚೇರಿಗಳಲ್ಲಿ, ಹಲವು ದೇಶಗಳಲ್ಲಿ ಹಂಚಿಹೋಗಿವೆ.