ಎಂಕೆಪಾಸ್‌ಡಬ್ಲ್ಯುಡಿ
ಎಂಕೆಪಾಸ್‌ಡಬ್ಲ್ಯುಡಿ ಎಂಬುದು ಲಿನಕ್ಸ್ ಗಣಕಗಳಲ್ಲಿ ಗುಪ್ತಪದವನ್ನು ಹ್ಯಾಶ್ ಆಗಿ ಪರಿವರ್ತಿಸುವ ಕಮಾಂಡ್‌ಲೈನ್ ಸಾಧನ. ಡೆಬಿಯನ್‌ನಲ್ಲಿ ಇದು ಹೂಈಸ್ ಪ್ಯಾಕೇಜಿನೊಂದಿಗೆ ದೊರೆಯುತ್ತದೆ.

ಇದರ ಫಲಿತವನ್ನು ರೂಢಿಯಲ್ಲಿ ‘ಗೂಢಲಿಪೀಕರಿಸಿದ ಗುಪ್ತಪದ’ ಎನ್ನುವುದುಂಟು, ಹೆಸರು ಸಮರ್ಪಕವಲ್ಲ. ಗೂಢಲಿಪಿಯನ್ನು ಕೀಲಿಯುಳ್ಳವರು ಬಿಡಿಸಿ ಓದಬಲ್ಲರು. ಹ್ಯಾಶ್‌ಗೆ ಅಂತಹ ಕೀಲಿಯೇ ಇಲ್ಲ. ಬಳಕೆದಾರರು ಪ್ರವೇಶಿಸುವಾಗ ಟೈಪಿಸಿದ ಪದವನ್ನು ಮತ್ತೆ ಹ್ಯಾಶ್ ಮಾಡಿ, ಶ್ಯಾಡೋ ಕಡತದಲ್ಲಿರುವುದರೊಡನೆ ಹೋಲಿಸಲಾಗುತ್ತದೆ. ‘ಸಾಲ್ಟ್’, ಅಂದರೆ ಉಪ್ಪು, ಎಂಬ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸುವುದರಿಂದ ಇಬ್ಬರ ಗುಪ್ತಪದ ಒಂದೇ ಆಗಿದ್ದರೂ ಹ್ಯಾಶ್‌ಗಳು ಬೇರೆಯಾಗುತ್ತವೆ. ಯೂನಿಕ್ಸ್‌ನಲ್ಲಿ 12 ಬಿಟ್‌ಗಳ ಸಾಲ್ಟ್ ಬಳಸಿದ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದರು.

ಗುಪ್ತಪದವನ್ನು ಕಮಾಂಡ್‌ನ ಸಾಲಿನಲ್ಲೇ ಬರೆದರೆ ಅದು ಶೆಲ್‌ನ ಇತಿಹಾಸ ಕಡತದಲ್ಲಿ ಯಥಾವತ್ತಾಗಿ ಉಳಿಯಬಹುದು. ಹ್ಯಾಶ್ ಮಾಡಿದ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಕಮಾಂಡ್‌ನ ಹೆಸರನ್ನಷ್ಟೇ ಕೊಟ್ಟು, ಸಾಧನವು ಕೇಳಿದ ಬಳಿಕ ಗುಪ್ತಪದವನ್ನು ಟೈಪಿಸುವುದು ಕ್ಷೇಮಕರ.