ಬಿಚ್ಚಾಣಿಕೆಯ ಕೈಗಳು

ರೇಷ್ಮೆ ಸೀರೆಯ ನಯವನ್ನು ಮೆಚ್ಚುವವರು ಬಹಳ ಮಂದಿ. ಆ ನೂಲನ್ನು ಬಿಸಿನೀರಿನಿಂದ ಎತ್ತಿದ ಬೆರಳುಗಳನ್ನು ನೆನೆಯುವವರು ವಿರಳ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಚರಿತ್ರೆಯಲ್ಲಿ ಆ ಬೆರಳುಗಳಿಗೂ ಒಂದು ಪುಟ ಸಲ್ಲಬೇಕು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಸಕ್ತಿಯಿಂದ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ, ನೂರು ವರ್ಷಗಳ ತರುವಾಯ ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ಕ್ಷೇತ್ರದಿಂದ ಹೊಸ ಬಲ ಪಡೆಯಿತು. ಕಾಲಕ್ರಮದಲ್ಲಿ ಮಾಗಡಿ ಕಡೆ ಬಿತ್ತನೆ ಗೂಡು ಬೆಳೆಯಿತು. ರಾಮನಗರವು ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾಯಿತು.

ಗೂಡಿನ ಎಳೆ ಎಂದರೆ ಫೈಬ್ರಾಯಿನ್ ಎಂಬ ನಾರು. ಅದನ್ನು ಹಿಡಿದಿಡುವ ಅಂಟು ಸೆರಿಸಿನ್. ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ. ಬಿಸಿನೀರು ಅದನ್ನು ಮೆದುಗೊಳಿಸಿದಾಗ ಮಾತ್ರ ಎಳೆಯ ತುದಿ ಸಿಕ್ಕುತ್ತದೆ. ಚರಕದ ಬಾಣಲೆಯಲ್ಲಿ ಆ ತುದಿಯನ್ನು ಹುಡುಕುವುದು ಬರಿಗೈ.

ಚರ್ಮದ ರಚನೆಯೂ ಇದಕ್ಕೆ ತೀರ ದೂರವಲ್ಲ. ಅದರ ಹೊರಪದರವನ್ನು ವಿಜ್ಞಾನಿಗಳು ಇಟ್ಟಿಗೆ ಗೋಡೆಗೆ ಹೋಲಿಸಿದ್ದಾರೆ: ಕೆರಾಟಿನ್ ತುಂಬಿದ ಸತ್ತ ಕೋಶಗಳು ಇಟ್ಟಿಗೆ, ಅವುಗಳ ನಡುವಣ ಕೊಬ್ಬು ಗಾರೆ. ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆದರೆ ಇಟ್ಟಿಗೆ ಉಬ್ಬುತ್ತದೆ, ಗಾರೆ ಸಡಿಲುತ್ತದೆ. ಅಂಗೈಯ ಚರ್ಮ ದಪ್ಪವೇನೋ ಹೌದು. ಆದರೆ ಅಲ್ಲಿ ತೈಲಗ್ರಂಥಿಗಳೇ ಇಲ್ಲ. ಬೆರಳ ಸಂದುಗಳಲ್ಲಿ ಚರ್ಮ ತೆಳು, ತೇವ ಆರುವುದಿಲ್ಲ. ಶಿಲೀಂಧ್ರಗಳು ಮೊದಲು ಹೊಕ್ಕುವುದು ಅಲ್ಲಿಯೇ. ಹೊರಚರ್ಮ ಪೂರ್ತಿ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ನಿತ್ಯವೂ ಬಾಣಲೆಗೆ ಇಳಿಯುವ ಕೈಗೆ ಆ ಬಿಡುವು ಎಲ್ಲಿಂದ ಬರಬೇಕು? ಗೂಡಿನ ಅಂಟನ್ನು ಬಿಡಿಸುವ ನೀರೇ ಕೈಯ ಗಾರೆಯನ್ನೂ ಬಿಡಿಸುತ್ತದೆ.

ಈ ಬೇನೆ ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯರು ರೇಷ್ಮೆ ಬಿಚ್ಚುವ ಹೆಂಗಸರ ಬೆರಳುಗಳಲ್ಲಿ ಇದನ್ನು ಕಂಡು 'ಮಾಲ್ ದ ಬಸೀನ್', ಅಂದರೆ 'ಬೋಗುಣಿಯ ಬೇನೆ' ಎಂದು ಹೆಸರಿಟ್ಟರು. ನಮ್ಮಲ್ಲಿ ಇದಕ್ಕಿಂತ ಕಹಿಯಾದ ದಾಖಲೆಯಿದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯು, ಕರ್ನಾಟಕದ ಬಿಚ್ಚಾಣಿಕೆ ಘಟಕಗಳಲ್ಲಿ ಜೀತಕ್ಕೆ ಸಿಲುಕಿದ ಮಕ್ಕಳು ಬಿಸಿನೀರಿನಲ್ಲಿ ಕೈಯಿಟ್ಟು ದುಡಿಯುತ್ತಿದ್ದುದನ್ನೂ ಅವರ ಕೈಗಳ ಬೊಕ್ಕೆಗಳನ್ನೂ ವಿವರಿಸಿತು. 2016ರ ತಿದ್ದುಪಡಿಯು ಹದಿನಾಲ್ಕು ವರ್ಷದೊಳಗಿನವರನ್ನು ದುಡಿಮೆಗೆ ಇಡುವುದನ್ನು ಕೆಲವು ವಿನಾಯಿತಿಗಳ ಹೊರತು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿತು.

ಸ್ವಯಂಚಾಲಿತ ಯಂತ್ರಗಳು ಬಂದಮೇಲೆ ಕೈ ನೀರಿಗಿಳಿಯುವುದು ತಗ್ಗಿದೆ. ಆದರೂ ಕೈಯಿಂದ ತುದಿ ಹುಡುಕುವವರು ಉಳಿದಿದ್ದಾರೆ. ಕೆಲಸ ಮುಗಿದೊಡನೆ ತಿಳಿನೀರಿನಲ್ಲಿ ಕೈ ತೊಳೆದು, ಸಂದುಗಳನ್ನು ಒರೆಸಿ, ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿದರೆ ಸವೆದ ಗಾರೆಗೆ ತುಸು ಆಸರೆಯಾದೀತು. ಆದರೆ ನಿಜವಾದ ಮದ್ದು ಬಿಡುವು. ಅದನ್ನು ಕೊಡಬೇಕಾದವರು ದುಡಿಸಿಕೊಳ್ಳುವವರು. ಚರ್ಮದ ಆರೋಗ್ಯ ಅದರ ರಚನೆಯನ್ನು ಅವಲಂಬಿಸಿದೆ ಎಂಬುದು ಪಾಠದ ಮಾತು. ಅದು ಕೂಲಿಯ ಕರಾರನ್ನೂ ಅವಲಂಬಿಸಿದೆ ಎಂಬುದು ನಮ್ಮ ನಾಲ್ಕು ತಾಲ್ಲೂಕುಗಳ ಚರಿತ್ರೆ ಹೇಳುವ ಮಾತು.