ಒಣಸೀಮೆಯ ಬಳ್ಳಿ, ಕೈಗೆಟುಕುವ ಕೆಂಪು ವೈನ್

ನಮ್ಮ ಕಡೆ ಮದ್ಯದಂಗಡಿಗೆಲ್ಲ ‘ವೈನ್ಸ್’ ಎಂದೇ ಬೋರ್ಡು. ಒಳಗೆ ಹೋಗಿ ನಿಜವಾಗಿ ವೈನ್ ಕೇಳಿದರೆ ಮಾತ್ರ ಅಂಗಡಿಯವರು ಸ್ಟೂಲ್ ಹತ್ತಬೇಕು. ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಪಕ್ಕ, ಧೂಳು ಹೊತ್ತು ನಿಂತ ನಾಲ್ಕಾರು ಬಾಟಲಿ. ನಾನು ಮೊದಲ ಸಲ ಇಳಿಸಿಕೊಂಡ ಬಾಟಲಿಯ ಕತ್ತಿಗೆ ಅಂಟು ಒಸರಿತ್ತು, ಕಾರ್ಕು ಎಳ್ಳಷ್ಟು ಮೇಲೆದ್ದಿತ್ತು. ಬೇಸಿಗೆಯ ಕಾವಿಗೆ ವೈನು ಒಳಗೇ ಬೆಂದುಹೋಗಿತ್ತು. ದುಡ್ಡೂ ಹೋಯಿತು, ರುಚಿಯೂ ತಿಳಿಯಲಿಲ್ಲ. ಕೊಟ್ಟ ಹಣಕ್ಕೆ ಮೋಸವಾಗದ ಕೆಂಪು ವೈನ್ ಯಾವುದು ಎಂದು ಹುಡುಕಲು ಶುರುಮಾಡಿದ್ದು ಆಮೇಲೆ. ಆ ಹುಡುಕಾಟ ನನ್ನನ್ನು ತಂದು ನಿಲ್ಲಿಸಿದ್ದು ಗ್ರೆನಾಶ್ ಎಂಬ ದ್ರಾಕ್ಷಿಯ ಮುಂದೆ.

ನಮ್ಮ ಹರಿಹರ ಸೀಮೆಯ ನಂದಿಗುಡಿ, ಮಲೇಬೆನ್ನೂರು ಸುತ್ತ ಭದ್ರಾ ನಾಲೆಯ ನೀರು, ಭತ್ತದ ಗದ್ದೆ. ವೈನಿನ ಕಥೆ ಕೇಳಬೇಕೆಂದರೆ ನಂದಿಬೆಟ್ಟಕ್ಕೆ ಹೋಗಬೇಕು. ಆ ಸೀಮೆಯಲ್ಲಿ ಮೊದಲಿನಿಂದ ಇದ್ದದ್ದು ಬೆಂಗಳೂರು ಬ್ಲೂ. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಪ್ಪು ದ್ರಾಕ್ಷಿ ಜ್ಯೂಸಿಗೆ, ಸಿಹಿ ವೈನಿಗೆ ಹೇಳಿಮಾಡಿಸಿದ್ದು. ಸಿಹಿಯಿಲ್ಲದ ಊಟದ ವೈನಿಗೆ ಅದು ಒಗ್ಗುವುದಿಲ್ಲ. 1980ರ ದಶಕದಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ ಫ್ರೆಂಚ್ ತಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ತೋಟ ಎದ್ದಿತು. 90ರ ದಶಕದಲ್ಲಿ ಬೋರ್ಡೊದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ಕ್ಯಾಬರ್ನೆ–ಶಿರಾಜ್ ಬೆರಕೆಯೇ ಕರ್ನಾಟಕದ ಕೆಂಪು ವೈನಿನ ಗುರುತಾಗಿ ನಿಂತಿತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದು ಮಂಡಳಿ ಕಟ್ಟಿತು. ಮೈಸೂರು, ಬೆಳಗಾವಿಗಳಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆದವು. ನಮ್ಮ ಹರಿಹರ ದಾಟಿದ ತುಂಗಭದ್ರೆ ಮುಂದೆ ಕೊಪ್ಪಳ ಜಿಲ್ಲೆಯ ಅಂಚು ಹಿಡಿಯುತ್ತಾಳಲ್ಲ, ಆ ಜಿಲ್ಲೆಯ ಗುಡ್ಡಗಳಲ್ಲಿ ಕೃಷ್ಮಾ ಎಸ್ಟೇಟ್ಸ್ ‘ಹಂಪಿ ಹಿಲ್ಸ್’ ಹೆಸರಿನಲ್ಲಿ ಕ್ಯಾಬರ್ನೆ, ಸಾಂಜೊವೇಸೆ ಬೆಳೆಯಿತು.

ಇಷ್ಟರಲ್ಲಿ ಗ್ರೆನಾಶ್ ಎಲ್ಲೂ ಇಲ್ಲ. ನಾಸಿಕದ ಸುಲಾ ‘ದಿ ಸೋರ್ಸ್’ ಹೆಸರಿನಲ್ಲಿ ಗ್ರೆನಾಶ್ ವೈನ್ ತಂದಿತು, ಆದರೆ ಅದು ಗುಲಾಬಿ ಬಣ್ಣದ ರೋಸೆ.

ಇದು ನನಗೆ ಕೊರಗಾಗಿಯೇ ಉಳಿದಿದೆ. ಗ್ರೆನಾಶ್ ಹುಟ್ಟಾ ಒಣಸೀಮೆಯ ಬಳ್ಳಿ. ಸ್ಪೇನಿನ ಅರಾಗಾನ್ ಅದರ ತವರು. ಅಲ್ಲಿ ಗಾರ್ನಾಚಾ ಅನ್ನುತ್ತಾರೆ. ಗಟ್ಟಿ ಕಾಂಡ, ಬಿರುಗಾಳಿಗೆ ಬಗ್ಗದು, ಕಲ್ಲುನೆಲಕ್ಕೂ ಬರಕ್ಕೂ ಅಂಜದು. ವಿಜಯಪುರದ ತೋಟಗಳಂತೆ ತಂತಿ, ಚಪ್ಪರ ಬೇಕಿಲ್ಲ. ಪೊದೆಯ ಹಾಗೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಬೆಳೆಗಾರನ ಕಣ್ಣಿಂದ ನೋಡಿದರೆ ತೊಡಕೂ ಉಂಟು: ಹೂವು ಉದುರಿಸುವ ಚಾಳಿ, ತೆಳು ಸಿಪ್ಪೆ, ತಡವಾಗಿ ಹಣ್ಣಾಗುವುದು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮಾಡಿ ಫೆಬ್ರುವರಿ–ಮಾರ್ಚಿಗೆ ಕೊಯ್ಯುವ ನಮ್ಮ ಲೆಕ್ಕದಲ್ಲಿ ಆ ತಡ ಸಣ್ಣದಲ್ಲ. ಆದರೂ ಒಂದೆರಡು ಎಕರೆಯಲ್ಲಿ ಯಾರಾದರೂ ಕೆಂಪು ಗ್ರೆನಾಶ್ ಮಾಡಿ ನೋಡಬೇಕು.

ಈ ವೈನು ಅಗ್ಗವಾಗಿ ಸಿಗುವುದಕ್ಕೂ ಕಾರಣ ಇತಿಹಾಸದಲ್ಲಿದೆ. ಬಹುಕಾಲ ಇದು ಹೆಸರಿಲ್ಲದ ಆಳು. ಬಣ್ಣ ತೆಳು, ಆಲ್ಕೊಹಾಲ್ ಹೆಚ್ಚು. ಇತರರ ವೈನಿಗೆ ಮೈ ತುಂಬಿಸಲು ಬೆರೆಸುತ್ತಿದ್ದರು. 1980ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರ ಹಣ ಕೊಟ್ಟು ಬಳ್ಳಿ ಕೀಳಿಸಿದಾಗ ಹಳೆಯ ಗ್ರೆನಾಶ್ ತೋಟಗಳೂ ಹೋದವು. ದಕ್ಷಿಣ ಫ್ರಾನ್ಸಿನ ಶಾತೋನೆಫ್-ದ್ಯು-ಪಾಪ್ ಮಾತ್ರ ಇದರ ಮಾನ ಉಳಿಸಿತ್ತು. 1936ರಲ್ಲೇ ಅದಕ್ಕೆ ಕಾನೂನಿನ ಮನ್ನಣೆ. ಇವತ್ತು ಉಳಿದ ಮುದಿ ಬಳ್ಳಿಗಳಿಗೆ ಎಲ್ಲಿಲ್ಲದ ಬೆಲೆ. ಆದರೆ ಅರಾಗಾನಿನ ಕಾಂಪೊ ದೆ ಬೋರ್ಖಾ, ಕಲಾತಯೂದ್‌ಗಳಂಥ ಸೀಮೆಗಳಿಗೆ ಆ ಖ್ಯಾತಿ ಅಷ್ಟಾಗಿ ತಲುಪಿಲ್ಲ. ಹೊಸಬರು ಕೈಹಾಕಬೇಕಾದ್ದು ಅಲ್ಲಿಗೇ.

ಲೇಬಲ್ ಓದುವಾಗ ಒಂದು ಮಾತು ನೆನಪಿರಲಿ. ಸ್ಪೇನಿನವರು, ಆಸ್ಟ್ರೇಲಿಯಾದವರು ಈ ದ್ರಾಕ್ಷಿಯ ಹೆಸರನ್ನು ಹೆಚ್ಚಾಗಿ ಬರೆಯುತ್ತಾರೆ. ಫ್ರೆಂಚರು ಸಾಮಾನ್ಯವಾಗಿ ಊರಿನ ಇಲ್ಲವೇ ಸೀಮೆಯ ಹೆಸರು. ಕೋತ್-ದ್ಯು-ರೋನ್ ಎಂದಿದ್ದರೆ ಒಳಗೆ ಬಹುಪಾಲು ಗ್ರೆನಾಶ್, ಜೊತೆಗೆ ಸಿರಾ, ಮೂರ್ವೆಡ್ರ್ ಎಂದು ತಿಳಿಯಬಹುದು. ಅದರ ಮೇಲಿನ ಮೆಟ್ಟಿಲು ‘ವಿಲಾಜ್’. 2016ರಲ್ಲಿ ಸ್ವಂತ ಹೆಸರು ಪಡೆದ ಕೇರಾನ್ ಇನ್ನೊಂದು ಮೆಟ್ಟಿಲು. ಸಾರ್ಡಿನಿಯಾದಲ್ಲಿ ಇದೇ ದ್ರಾಕ್ಷಿ ಕನ್ನೊನಾವ್.

ನಮ್ಮಲ್ಲಿ ಬೆಲೆ ಏರಿಸುವುದು ಸುಂಕ. ಆಮದು ವೈನಿಗೆ ಸಾಮಾನ್ಯವಾಗಿ 150% ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ. 29 ಡಿಸೆಂಬರ್ 2022ರಂದು ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿ 5 ಡಾಲರ್ ಮೀರಿದ ಬಾಟಲಿಗೆ ಸುಂಕ 100%ಕ್ಕೆ ಇಳಿಯಿತು, ಹತ್ತು ವರ್ಷದಲ್ಲಿ 50%ಕ್ಕೆ ಬರಬೇಕು. 15 ಡಾಲರ್ ಮೀರಿದ್ದಕ್ಕೆ 75%, ಮುಂದೆ 25%. ತೀರ ಅಗ್ಗದ್ದಕ್ಕೆ ರಿಯಾಯಿತಿಯಿಲ್ಲ. ಹಾಗಾಗಿ ಕೆಳಗಿನ ಸಾಲಿಗಿಂತ ಒಂದು ಮೆಟ್ಟಿಲು ಮೇಲಿನ ಆಸ್ಟ್ರೇಲಿಯಾದ ಗ್ರೆನಾಶ್–ಶಿರಾಜ್ ಕೊಂಡರೆ ಹಣಕ್ಕೆ ತಕ್ಕ ವೈನ್ ಸಿಗುತ್ತದೆಂಬುದು ನನ್ನ ಅಭಿಪ್ರಾಯ. ಬೆಂಗಳೂರಿಗೆ ಹೋದಾಗ, ಎಸಿ ಇರುವ, ಬಾಟಲಿ ಬೇಗ ಖರ್ಚಾಗುವ ಅಂಗಡಿಯಲ್ಲಿ ಕೊಳ್ಳಿ. ಗ್ರೆನಾಶ್ ವೈನು ಗಾಳಿ ತಗುಲಿದರೆ ಬೇಗ ಸೋಲುತ್ತದೆ. ಮೂರ್ನಾಲ್ಕು ವರ್ಷ ದಾಟದ ಇಸವಿ ನೋಡಿ, ಕಾರ್ಕಿಗಿಂತ ತಿರುಪಿನ ಮುಚ್ಚಳವೇ ವಾಸಿ.

ಮನೆಗೆ ತಂದಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬುದು ಚಳಿದೇಶದ ಮಾತು. ದಾವಣಗೆರೆಯ ಏಪ್ರಿಲ್ಲಿಗೆ ಸಲ್ಲದು. ಬಿಸಿಯಾದರೆ ಶೇಕಡಾ ಹದಿನಾಲ್ಕು, ಹದಿನೈದರ ಆಲ್ಕೊಹಾಲ್ ಮೂಗಿಗೆ ಹೊಡೆಯುತ್ತದೆ, ಊಟದ ಖಾರವನ್ನೂ ಕೆರಳಿಸುತ್ತದೆ. ತಂಪಾದಾಗ ಲೋಟದಲ್ಲಿ ಬೆರಳು ಕಾಣುವಷ್ಟು ತಿಳಿಗೆಂಪು, ಹಣ್ಣಾದ ಸ್ಟ್ರಾಬೆರಿಯ ವಾಸನೆ, ಹಿಂದೆಯೇ ಬಿಳಿ ಮೆಣಸಿನ ಘಾಟು. ಕ್ಯಾಬರ್ನೆಯಂತೆ ನಾಲಿಗೆ ಹಿಡಿಯುವ ಒಗರಿಲ್ಲ. ಎಣ್ಣೆಗಾಯಿ, ಜೋಳದ ರೊಟ್ಟಿಯ ಜೊತೆ ಒಂದು ಗುಟುಕು ಕುಡಿದಾಗ ಶೇಂಗಾ, ಎಳ್ಳಿನ ಮಸಾಲೆ ಬಾಯಲ್ಲಿ ಇನ್ನೊಂದು ಗಳಿಗೆ ನಿಂತಿತು.